ಗೋಡೆಯ ಮೇಲೆ ಹಾದುಹೋದ ಬೆಳಕು

(ಒಂದು ಸಿನಿಮಾ ಕೂಟದಲ್ಲಿ ಡೆನ್ಮಾರ್ಕಿನ ‘ಓರ್ಡೆಟ್’ (1955) ಚಿತ್ರದ ಪ್ರದರ್ಶನ ಮುಗಿದ ಮೇಲೆ ಆಡಿದ ಮಾತುಗಳ ಬರಹ ರೂಪ. ಮಾತಿನ ಓಘವನ್ನು ಆದಷ್ಟೂ ಹಾಗೇ ಉಳಿಸಿಕೊಂಡಿದ್ದೇನೆ.)

ಈಗ ಲೈಟು ಹಾಕಿದಾಗ ನೋಡಿದೆ. ಮುಂದಿನ ಸಾಲಿನಲ್ಲಿ ಇಬ್ಬರು ಕಣ್ಣೊರೆಸಿಕೊಳ್ಳುತ್ತಿದ್ದರು, ಹಿಂದೆ ಗೋಡೆಗೊರಗಿ ಕೂತಿದ್ದವರೊಬ್ಬರು ಆಕಳಿಸುತ್ತಿದ್ದರು. ಎರಡಕ್ಕೂ ನನ್ನ ಆಕ್ಷೇಪವಿಲ್ಲ. ನಾನು ಮೊದಲ ಸಲ ಈ ಚಿತ್ರ ನೋಡಿದಾಗ ಅರ್ಧಕ್ಕೇ ತೂಕಡಿಸಿ, ಕೊನೆಯ ಹತ್ತು ನಿಮಿಷಕ್ಕೆ ಎಚ್ಚರಾಗಿ, ಸತ್ತವಳು ಎದ್ದು ಕೂತದ್ದು ನನ್ನ ಕನಸೋ ಸಿನಿಮಾವೋ ಗೊತ್ತಾಗದೆ ಕಂಗಾಲಾಗಿದ್ದೆ.

ಮೊದಲು ಒಂದು ಪ್ರಶ್ನೆ. ರೈತನ ಮನೆಯ ಸೊಸೆ ಇಂಗರ್‌ಳ ಹೆರಿಗೆ ನೋಡಲು ಬಂದ ಡಾಕ್ಟರು ಕಾಫಿ ಕುಡಿದು, ಇನ್ನೇನೂ ಭಯವಿಲ್ಲ ಅಂತ ಹೇಳಿ ಕಾರು ಹತ್ತಿ ಹೊರಟರಲ್ಲ, ಆಗ ಪಡಸಾಲೆಯ ಗೋಡೆ ಮೇಲೆ ಏನಾಯಿತು? ಎಷ್ಟು ಜನ ಗಮನಿಸಿದಿರಿ? (ಮೂರು ಕೈ ಎದ್ದವು.) ಮೂವರೇ. ಹಾಗಾದರೆ ಇವತ್ತಿನ ಮಾತಿಗೆ ಅರ್ಥವಿದೆ ಅಂತಾಯಿತು.

ಆಗೋದು ಇಷ್ಟೇ. ಕಾರಿನ ದೀಪದ ಬೆಳಕು ಕಿಟಕಿಯಿಂದ ಒಳಗೆ ಬಿದ್ದು ಗೋಡೆಯ ಮೇಲೆ ಒಂದು ಪಟ್ಟಿಯಾಗಿ ಸರಿದುಹೋಗುತ್ತದೆ. ಮನೆಯವರಿಗೆ ಅದು ಕಾರು ಹೊರಟ ಬೆಳಕು. ತಾನೇ ಕ್ರಿಸ್ತ ಅಂತ ನಂಬಿ ತಲೆಕೆಟ್ಟಿರುವ ಅವಳ ಮೈದುನ ಯೊಹಾನ್ನೆಸ್‌ಗೆ ಮಾತ್ರ ಅದು ಕುಡುಗೋಲು ಹಿಡಿದವನು ಗೋಡೆ ತೂರಿಕೊಂಡು ಇಂಗರ್‌ಳನ್ನು ಕರೆದೊಯ್ಯಲು ಬಂದದ್ದು. ಅಪ್ಪ ಗದರಿಸುತ್ತಾನೆ. ಸ್ವಲ್ಪ ಹೊತ್ತಿಗೆ ಅವಳ ಗಂಡ ಮಿಕ್ಕೆಲ್ ಒಳಕೋಣೆಯಿಂದ ಬಂದು ಅವಳು ಸತ್ತಳು ಅನ್ನುತ್ತಾನೆ. ಸಾವನ್ನು ತೆರೆ ಮೇಲೆ ತರೋದಕ್ಕೆ ಹೊಗೆ, ಕರಿ ನಿಲುವಂಗಿ, ಸಂಗೀತ ಯಾವುದೂ ಬೇಕಾಗಲಿಲ್ಲ. ಸೆಟ್‌ನ ಕಿಟಕಿಯಾಚೆ ಒಂದು ದೀಪ ಸರಿಯಬೇಕಿತ್ತು, ಸರಿಯಾದ ವೇಗದಲ್ಲಿ. ತುಸು ಬೇಗ ಸರಿದರೆ ಬರೀ ಕಾರು, ತುಸು ನಿಧಾನವಾದರೆ ನಾಟಕ ಕಂಪನಿಯ ಯಮ.

ಆ ದೀಪಕ್ಕೆ ಜವಾಬ್ದಾರನಾಗಿದ್ದ ಮನುಷ್ಯನ ಹೆಸರು ಹೆನ್ನಿಂಗ್ ಬೆಂಟ್ಸನ್. 1925ರಲ್ಲಿ ಹುಟ್ಟಿ 2011ರಲ್ಲಿ ತೀರಿಕೊಂಡ ಡೆನ್ಮಾರ್ಕಿನ ಛಾಯಾಗ್ರಾಹಕ. ಈ ಚಿತ್ರದ ಬಗ್ಗೆ ಲೋಕದಲ್ಲಿ ಬಂದಿರುವ ಬರಹಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ನಿರ್ದೇಶಕ ಕಾರ್ಲ್ ಥಿಯೊಡೊರ್ ಡ್ರೈಯರ್ ಬಗ್ಗೆಯೇ ಇವೆ. (ಕೂದಲು ಒಣಗಿಸುವ ಡ್ರೈಯರ್ ಅಲ್ಲ, ಆದರೆ ಉಚ್ಚಾರ ಹೆಚ್ಚುಕಡಿಮೆ ಅದೇ.) ಡ್ರೈಯರ್ ದೊಡ್ಡವನು, ಅದರಲ್ಲಿ ತಕರಾರಿಲ್ಲ. ಆದರೆ ಅವನ ಚಿತ್ರದ ‘ನಿಧಾನ’ವನ್ನು ಹೊಗಳುವವರು ಒಂದು ವಿಷಯ ಮರೆಯುತ್ತಾರೆ. ನಟರು ನಿಧಾನ ನಡೆದರೆ, ಕ್ಯಾಮೆರಾ ನಿಧಾನ ತಿರುಗಿದರೆ, ಕಟ್ ಇಲ್ಲದೆ ಶಾಟ್ ಐದಾರು ನಿಮಿಷ ಎಳೆದರೆ, ಆ ಹೊತ್ತಿನಲ್ಲಿ ಲೈಟಿಂಗ್ ಮಾಡುವವನಿಗೆ ಒಂದು ಕ್ಷಣವೂ ಪುರಸೊತ್ತಿರುವುದಿಲ್ಲ. ಇದನ್ನು ಬಾಯಲ್ಲಿ ಹೇಳೋದಕ್ಕಿಂತ ಮಾಡಿ ತೋರಿಸುತ್ತೇನೆ.

(ಇಲ್ಲಿ ಮೇಜಿನ ಮೇಲಿದ್ದ ಓದುವ ದೀಪವನ್ನು ಹೊತ್ತಿಸಿ, ಟ್ಯೂಬ್‌ಲೈಟ್ ಆರಿಸಿ, ಒಬ್ಬ ವಿದ್ಯಾರ್ಥಿನಿಯನ್ನು ವೇದಿಕೆಗೆ ಕರೆದೆ. ಕುರ್ಚಿಯಲ್ಲಿ ಕೂತಾಗ ಅವಳ ಮುಖ ಚೆನ್ನಾಗಿ ಕಾಣುತ್ತಿತ್ತು. ಎದ್ದು ಬಾಗಿಲ ಕಡೆ ನಡೆಯಲು ಹೇಳಿದೆ. ಎರಡನೇ ಹೆಜ್ಜೆಗೆ ಮುಖ ಕತ್ತಲಾಯಿತು, ಐದನೇ ಹೆಜ್ಜೆಗೆ ಬಿಳಿ ಗೋಡೆಯ ಮೇಲೆ ಅವಳಿಗಿಂತ ದೊಡ್ಡ ನೆರಳು ಎದ್ದಿತು. ಇನ್ನೊಬ್ಬರು ಬಾಗಿಲ ಬಳಿ ಮೊಬೈಲ್ ಟಾರ್ಚ್ ಹಿಡಿದರು. ಮುಖ ಕಂಡಿತು, ಆದರೆ ನೆರಳು ಎರಡಾದವು. ಸಭೆ ನಕ್ಕಿತು.)

ನಕ್ಕಿರಲ್ಲ, ಬೆಂಟ್ಸನ್‌ನ ಕಷ್ಟ ಇದೇ. ಸಾಮಾನ್ಯ ಸಿನಿಮಾದಲ್ಲಿ ಇಂಥ ಕಡೆ ಕಟ್ ಮಾಡುತ್ತಾರೆ. ಕುರ್ಚಿಯ ಶಾಟ್‌ಗೆ ಒಂದು ಲೈಟಿಂಗ್, ಬಾಗಿಲ ಶಾಟ್‌ಗೆ ಇನ್ನೊಂದು. ಲೈಟ್‌ಬಾಯ್‌ಗಳು ದೀಪ ಹೊತ್ತು ಓಡಾಡುತ್ತಾರೆ, ನಟರು ಚಹಾ ಕುಡಿಯುತ್ತಾರೆ. ‘ಓರ್ಡೆಟ್’ 126 ನಿಮಿಷದ ಚಿತ್ರ, ಎಣಿಸಿದವರ ಲೆಕ್ಕದಲ್ಲಿ ಅದರಲ್ಲಿರುವುದು 114 ಶಾಟ್. ಸರಾಸರಿ ಒಂದು ಶಾಟ್‌ಗೆ ಒಂದು ನಿಮಿಷಕ್ಕೂ ಮೇಲೆ, ಕೆಲವು ಐದು, ಆರು ನಿಮಿಷ ದಾಟುತ್ತವೆ. ಇದೇ ಡ್ರೈಯರ್ 1928ರಲ್ಲಿ ಜೋನ್ ಆಫ್ ಆರ್ಕ್ ಕುರಿತು ಮಾಡಿದ ಮೂಕಿ ಚಿತ್ರ ಇದಕ್ಕಿಂತ ಚಿಕ್ಕದು, ಆದರೆ ಅದರಲ್ಲಿ ಸಾವಿರಕ್ಕೂ ಹೆಚ್ಚು ಶಾಟ್‌ಗಳಿವೆ, ಬಹುಪಾಲು ಮುಖಗಳೇ. ಅದರ ಕ್ಯಾಮೆರಾ ರುಡಾಲ್ಫ್ ಮಾಟೆಯದು. ಮಾಟೆಗೆ ಒಂದೊಂದು ಮುಖಕ್ಕೂ ಪ್ರತ್ಯೇಕವಾಗಿ ಬೆಳಕು ಕೂರಿಸುವ ಸೌಲಭ್ಯವಿತ್ತು. ಬೆಂಟ್ಸನ್‌ಗೆ ಅದಿರಲಿಲ್ಲ. ಅವನ ನಟರು ಕಿಟಕಿಯಿಂದ ಮೇಜಿಗೆ, ಮೇಜಿನಿಂದ ಗಡಿಯಾರದ ಹತ್ತಿರಕ್ಕೆ, ಅಲ್ಲಿಂದ ಬಾಗಿಲಿಗೆ ನಡೆಯುತ್ತಾರೆ. ಕ್ಯಾಮೆರಾ ಹೊತ್ತ ಟ್ರಾಲಿ ಜೊತೆಗೇ ಸಾಗುತ್ತದೆ, ಕ್ಯಾಮೆರಾ ಪಕ್ಕಕ್ಕೆ ತಿರುಗುತ್ತದೆ, ಮೇಲೆ ಮೈಕಿನ ಕೋಲು ತೇಲುತ್ತಿರುತ್ತದೆ. ಮಾತೆಲ್ಲ ಸೆಟ್‌ನಲ್ಲೇ ದಾಖಲಾಗುವುದರಿಂದ ಟ್ರಾಲಿಯ ಗಾಲಿ ಕಿರ್ ಅನ್ನುವ ಹಾಗಿಲ್ಲ, ಮೈಕಿನ ನೆರಳು ಗೋಡೆ ಮುಟ್ಟುವ ಹಾಗಿಲ್ಲ. ಕ್ಯಾಮೆರಾ ಮೂರು ದಿಕ್ಕು ನೋಡುತ್ತದಾದ್ದರಿಂದ ನೆಲದ ಮೇಲೆ ದೀಪ ನಿಲ್ಲಿಸಲು ಜಾಗವೂ ಇಲ್ಲ. ನಟ ಒಂದು ದೀಪದ ವಲಯ ದಾಟುವಾಗ ಆ ದೀಪ ಮಂದವಾಗಬೇಕು, ಮುಂದಿನದು ಏರಬೇಕು, ನೋಡುವವರಿಗೆ ಎರಡೂ ತಿಳಿಯಬಾರದು. ಆರನೇ ನಿಮಿಷದಲ್ಲಿ ಒಬ್ಬನ ಕೈ ತಡವರಿಸಿತು ಅಂದರೆ ಅಷ್ಟೂ ಫಿಲ್ಮ್ ದಂಡ. 35 ಎಂಎಂ ಫಿಲ್ಮು ನಿಮಿಷಕ್ಕೆ ಸುಮಾರು 27 ಮೀಟರ್ ಓಡುತ್ತದೆ. ಆರು ನಿಮಿಷ ಅಂದರೆ 160 ಮೀಟರ್ ಮೇಲಾಯಿತು, ನೀವೇ ಲೆಕ್ಕ ಹಾಕಿ.

ಚಿತ್ರೀಕರಣ ನಡೆದದ್ದು 1954ರಲ್ಲಿ. ಡ್ರೈಯರ್‌ಗೆ ಆಗ 65 ವರ್ಷ. ಬೆಂಟ್ಸನ್‌ಗೆ 29. ಹುಡುಗನೇ ಅನ್ನಿ. ಡೆನ್ಮಾರ್ಕಿನ ಸರ್ಕಾರಿ ಸಿನಿಮಾ ಶಾಲೆ ಶುರುವಾದದ್ದು 1966ರಲ್ಲಿ, ಆದ್ದರಿಂದ ಇವನ ಪೀಳಿಗೆಯವರು ತರಗತಿಯಲ್ಲಿ ಕೂತು ಕಲಿತವರಲ್ಲ. ಸ್ಟುಡಿಯೋ ನೆಲದಲ್ಲಿ, ದೊಡ್ಡವರ ಪಕ್ಕ ನಿಂತು ಕಲಿತವರು. ಆಗಿನ ಡೆನ್ಮಾರ್ಕಿನ ಸ್ಟುಡಿಯೋಗಳು ವರ್ಷವಿಡೀ ತಯಾರಿಸುತ್ತಿದ್ದದ್ದು ಸಂಸಾರದ ಕಥೆ, ಹಾಸ್ಯ, ಹಾಡು. ಬೆಂಟ್ಸನ್‌ನ ಅನ್ನವೂ ಅದೇ. ಅವನ ಹೆಸರಿನ ಮುಂದಿರುವ ಹತ್ತಾರು ಚಿತ್ರಗಳಲ್ಲಿ ನಾವಿಲ್ಲಿ ಕೂತು ಚರ್ಚೆ ಮಾಡುವಂಥವು ನಾಲ್ಕೈದು ಇರಬಹುದು. 1959ರ ‘ಪೌ’ ಅನ್ನೋದೊಂದು ಮಕ್ಕಳ ಚಿತ್ರವಿದೆ. ವೆಸ್ಟ್ ಇಂಡೀಸ್‌ನಿಂದ ಡೆನ್ಮಾರ್ಕಿಗೆ ಬಂದ ಒಬ್ಬ ಹುಡುಗ ಕಾಡು ಸೇರುವ ಕಥೆ, ಆಸ್ಟ್ರಿಡ್ ಹೆನ್ನಿಂಗ್-ಯೆನ್ಸನ್ ನಿರ್ದೇಶನ. ಅದು ಆಸ್ಕರ್ ನಾಮನಿರ್ದೇಶನದವರೆಗೂ ಹೋಯಿತು. ಉಳಿದವುಗಳ ಹೆಸರು ಹೇಳಿದರೆ ಡೆನ್ಮಾರ್ಕಿನ ಅಜ್ಜಿಯರಿಗೆ ಮಾತ್ರ ಖುಷಿಯಾದೀತು. ಆದರೆ ಬೇಗ ಬೇಗ ಲೈಟಿಂಗ್ ಮಾಡಿ ಮುಗಿಸುವ ಆ ಕೂಲಿ ಕೆಲಸವೇ ಅವನ ಕೈ ಪಳಗಿಸಿತು ಅನ್ನೋದು ನನ್ನ ಅನಿಸಿಕೆ. ‘ಕಲಾತ್ಮಕ’ ಕ್ಯಾಮೆರಾಮನ್ ಒಬ್ಬನನ್ನು ಡ್ರೈಯರ್ ಮುಂದೆ ನಿಲ್ಲಿಸಿದ್ದರೆ ಮೂರೇ ದಿನಕ್ಕೆ ಜಗಳವಾಗುತ್ತಿತ್ತು.

ಚಿತ್ರದ ಹಿನ್ನೆಲೆ ಸ್ವಲ್ಪ ಹೇಳಿಬಿಡುತ್ತೇನೆ. ‘ಓರ್ಡೆಟ್’ ಅಂದರೆ ಮಾತು. ಕನ್ನಡ ಬೈಬಲ್‌ನಲ್ಲಿ ‘ಆದಿಯಲ್ಲಿ ವಾಕ್ಯವಿತ್ತು’ ಅಂತ ಬರುತ್ತದಲ್ಲ, ಆ ವಾಕ್ಯ. ಮೂಲ ನಾಟಕ ಕಾಯ್ ಮುಂಕ್ ಎಂಬ ಪಾದ್ರಿಯದು. ಡೆನ್ಮಾರ್ಕಿನ ಜಟ್‌ಲ್ಯಾಂಡ್ ಪ್ರಾಂತ್ಯದ ಪಶ್ಚಿಮ ಕರಾವಳಿಯ ವೇದರ್ಸೊ ಅನ್ನುವ ಹಳ್ಳಿಯ ಚರ್ಚಿನಲ್ಲಿದ್ದ. ನಾತ್ಸಿ ಆಕ್ರಮಣವನ್ನು ಬಾಯಿಬಿಟ್ಟು ವಿರೋಧಿಸಿದ್ದಕ್ಕೆ 1944ರ ಜನವರಿ 4ರಂದು ಅವನನ್ನು ಮನೆಯಿಂದ ಎಳೆದೊಯ್ದು ಕೊಂದರು. ಹತ್ತು ವರ್ಷದ ನಂತರ ಡ್ರೈಯರ್ ತಂಡ ಕಟ್ಟಿಕೊಂಡು ಅದೇ ವೇದರ್ಸೊಗೆ ಹೋಗಿ ಹೊರಾಂಗಣ ಚಿತ್ರೀಕರಿಸಿದ. ಶುರುವಿನಲ್ಲಿ ನೋಡಿದಿರಲ್ಲ, ಹುಲ್ಲು ಬೆಳೆದ ಮರಳು ದಿಬ್ಬ, ಹಗ್ಗದ ಮೇಲೆ ಗಾಳಿಗೆ ಹೊಡೆದುಕೊಳ್ಳುವ ಬಿಳಿ ಬಟ್ಟೆ, ಅದೆಲ್ಲ ಅಲ್ಲಿಯದು. ಒಳಾಂಗಣ ಮಾತ್ರ ಪಲ್ಲಾಡಿಯಂ ಕಂಪನಿಯ ಸ್ಟುಡಿಯೋದಲ್ಲಿ ಹಾಕಿದ ಸೆಟ್. ಒಳಗೆ ಬಿದ್ದ ಕಿಟಕಿಯ ಬೆಳಕು ಆ ಕರಾವಳಿಯ ಬೆಳಕೇ ಅನ್ನಿಸುತ್ತದಲ್ಲ, ಅದು ದೀಪದಿಂದ ಹುಟ್ಟಿದ್ದು.

ಯೊಹಾನ್ನೆಸ್‌ಗೆ ಹುಚ್ಚು ಹಿಡಿದದ್ದು ಯಾಕೆ ಅಂತ ಹೊಸ ಪಾದ್ರಿ ಕೇಳುವ ಜಾಗ ನೆನಪಿದೆಯೇ? ಪ್ರೇಮ ವೈಫಲ್ಯವೇ ಅಂತ ಅವನ ಅನುಮಾನ. ಇಲ್ಲ, ಸೋರೆನ್ ಕೀರ್ಕೆಗಾರ್ಡ್ (ಡೆನ್ಮಾರ್ಕಿನ ತತ್ವಜ್ಞಾನಿ) ಅನ್ನುತ್ತಾನೆ ಅಣ್ಣ ಮಿಕ್ಕೆಲ್. ಚಿತ್ರ ನೋಡುವಾಗ ಇಡೀ ಸಭೆ ನಕ್ಕದ್ದು ಅಲ್ಲಿ ಒಂದೇ ಕಡೆ.

ಈಗ ಅಡುಗೆಮನೆಗೆ ಬರೋಣ. ಡ್ರೈಯರ್ ಬಗ್ಗೆ ಹೇಳುವ ಪ್ರಸಿದ್ಧ ಪ್ರಸಂಗ ಇದು. ರೈತನ ಮನೆಯ ಅಡುಗೆಮನೆಯಲ್ಲಿ ಏನೇನು ಇರುತ್ತದೋ ಅಷ್ಟೂ ತಂದು ತುಂಬಿ ಅಂದನಂತೆ. ಪಾತ್ರೆ, ತಟ್ಟೆ, ಜಾಡಿ, ಸೌಟು ಎಲ್ಲ ಬಂದವು. ಆಮೇಲೆ ಒಂದೊಂದನ್ನೇ ತೆಗೆಸುತ್ತಾ ಹೋದ. ಕೊನೆಗೆ ಕೆಲವೇ ಸಾಮಾನು ಉಳಿದವು, ಆದರೂ ನೋಡಿದವರಿಗೆ ಅದು ಅಡುಗೆಮನೆಯೇ. ಈ ಕಥೆ ಹೇಳಿ ಎಲ್ಲರೂ ಡ್ರೈಯರ್‌ನ ಸರಳತೆಗೆ ತಲೆದೂಗುತ್ತಾರೆ. ನಾನು ಬೆಂಟ್ಸನ್‌ನ ಜಾಗದಲ್ಲಿ ನಿಂತು ಯೋಚಿಸಿದಾಗ ನನಗೆ ಎದೆ ಧಸಕ್ಕೆಂದಿತು. ಸಾಮಾನು ತುಂಬಿದ ಕೋಣೆಗೆ ಲೈಟಿಂಗ್ ಮಾಡೋದು ಸುಲಭ. ತಪ್ಪು ನೆರಳು ಬಿದ್ದರೆ ಕಪಾಟಿನ ಮೇಲೋ ಪಾತ್ರೆಗಳ ನಡುವೆಯೋ ಕಳೆದುಹೋಗುತ್ತದೆ. ಬೋಳು ಗೋಡೆ ಏನನ್ನೂ ಮುಚ್ಚಿಡುವುದಿಲ್ಲ. ಈಗ ತಾನೇ ನೋಡಿದಿರಲ್ಲ, ಎರಡು ದೀಪಕ್ಕೆ ಎರಡು ನೆರಳು. ನಿರ್ದೇಶಕ ಒಂದೊಂದು ಸಾಮಾನು ತೆಗೆಸಿದ ಹಾಗೂ ಛಾಯಾಗ್ರಾಹಕನಿಗೆ ಅಡಗಿಕೊಳ್ಳುವ ಒಂದೊಂದು ಜಾಗ ಹೋಯಿತು.

ಇನ್ನೊಂದು ಶಾಟ್. ರಾತ್ರಿ, ಒಳಗೆ ತಾಯಿ ಹೆರಿಗೆ ನೋವಿನಲ್ಲಿದ್ದಾಳೆ. ಪುಟ್ಟ ಹುಡುಗಿ ಮಾರೆನ್ ಬಂದು ಯೊಹಾನ್ನೆಸ್ ಚಿಕ್ಕಪ್ಪನ ಪಕ್ಕ ನಿಲ್ಲುತ್ತಾಳೆ. ಅಮ್ಮ ಸತ್ತರೆ ನೀನು ಎಬ್ಬಿಸುತ್ತೀಯಲ್ಲ ಅಂತ ಸಲೀಸಾಗಿ ಕೇಳುತ್ತಾಳೆ, ಅಂಗಡಿಯಿಂದ ಮಿಠಾಯಿ ತರುತ್ತೀಯಲ್ಲ ಅನ್ನುವ ಹಾಗೆ. ಅವರು ಮಾತಾಡುವಷ್ಟು ಹೊತ್ತೂ ಕ್ಯಾಮೆರಾ ಇಬ್ಬರ ಸುತ್ತ ಅರ್ಧ ವೃತ್ತದಷ್ಟು ತಿರುಗುತ್ತದೆ. ಎಷ್ಟು ಮೆಲ್ಲಗೆ ಅಂದರೆ ತಿರುಗುತ್ತಿರುವುದು ಕ್ಯಾಮೆರಾವೋ, ಅವರ ಬೆನ್ನ ಹಿಂದಿನ ಮನೆಯೋ ಹೇಳಲಾಗುವುದಿಲ್ಲ. ಮುಖಗಳ ಮೇಲಿನ ಬೆಳಕು ಮಾತ್ರ ಅಲುಗುವುದಿಲ್ಲ. ಮನೆಗೆ ಹೋಗಿ ಇದೊಂದು ಶಾಟ್ ಮತ್ತೆ ಹಾಕಿ ನೋಡಿ. ಮಾತು ಬಿಟ್ಟುಬಿಡಿ, ಹುಡುಗಿಯ ಕೆನ್ನೆ ಮಾತ್ರ ನೋಡಿ. ಕ್ಯಾಮೆರಾ ಅರ್ಧ ಸುತ್ತು ಬಂದ ಮೇಲೂ ಆ ಕೆನ್ನೆಗೆ ಬೆಳಕು ಎಲ್ಲಿಂದ ಬರುತ್ತಿದೆ? ನಾನು ಬಹಳ ಸಲ ನೋಡಿದ್ದೇನೆ, ನನಗೆ ದೀಪ ಸಿಕ್ಕಿಲ್ಲ.

ಕೊನೆಯ ದೃಶ್ಯ. ಶವಪೆಟ್ಟಿಗೆ ಇಟ್ಟ ಕೋಣೆ. ಸಾಮಾನೆಲ್ಲ ತೆಗೆದಿದ್ದಾರೆ, ಬಿಳಿ ಗೋಡೆ, ತೆಳು ಪರದೆಯ ಕಿಟಕಿಗಳು. ಸತ್ತವಳು ಏಳುವ ದೃಶ್ಯವನ್ನು ಬೇರೆ ಯಾರಾದರೂ ಮಾಡಿದ್ದರೆ ಒಂದು ಬೆಳಕಿನ ಕೋಲು ಮೇಲಿನಿಂದ ಇಳಿಯುತ್ತಿತ್ತು, ತಲೆಯ ಹಿಂದೆ ಪ್ರಭಾವಳಿ ಮೂಡುತ್ತಿತ್ತು. ಇಲ್ಲಿ ಅಂಥದೇನೂ ಇಲ್ಲ. ಅವಳು ಸತ್ತು ಮಲಗಿದ್ದಾಗಿನ ಹಗಲೇ ಎದ್ದಾಗಲೂ ಇದೆ. ದೇವರ ಪರವಾಗಿ ದೀಪ ವಕಾಲತ್ತು ವಹಿಸುವುದಿಲ್ಲ. ಅದಕ್ಕೇ ಅವಳ ಬೆರಳು ಕದಲಿದಾಗ ನಾವು ಬೆಚ್ಚುತ್ತೇವೆ. ಮನೆಯ ಕಿರಿಮಗ ಆಂಡರ್ಸ್ ಹೋಗಿ ನಿಂತ ಗಡಿಯಾರ ನಡೆಸುವುದೂ ಅದೇ ಮಾಮೂಲಿ ಬೆಳಕಿನಲ್ಲಿ. ಇದು ಡ್ರೈಯರ್‌ನ ನಿರ್ಧಾರ ಇರಬಹುದು, ಆದರೆ ಹಾಗೆ ಸುಮ್ಮನಿರುವ ಬೆಳಕನ್ನು ಮಾಡುವುದಿದೆಯಲ್ಲ, ಅದು ಕೋಲು ಇಳಿಸುವುದಕ್ಕಿಂತ ಹತ್ತುಪಟ್ಟು ಕಷ್ಟ.

1955ರ ಜನವರಿಯಲ್ಲಿ ಚಿತ್ರ ತೆರೆಕಂಡಿತು. ಕೋಪನ್‌ಹೇಗನ್‌ನಲ್ಲಿ ಡ್ರೈಯರ್‌ನೇ ನಡೆಸುತ್ತಿದ್ದ ಡಗ್ಮಾರ್ ಚಿತ್ರಮಂದಿರದಲ್ಲಿ. ಆ ವರ್ಷ ವೆನಿಸ್ ಚಿತ್ರೋತ್ಸವದಲ್ಲಿ ಗೋಲ್ಡನ್ ಲಯನ್ ಪ್ರಶಸ್ತಿ ಬಂತು. ಬೆಂಟ್ಸನ್ ಮತ್ತೆ ಮಾಮೂಲಿ ಸಿನಿಮಾಗಳಿಗೆ ವಾಪಸಾದ. ಡ್ರೈಯರ್‌ಗೆ ಮುಂದಿನ ಚಿತ್ರಕ್ಕೆ ಒಂಬತ್ತು ವರ್ಷ ಹಿಡಿಯಿತು.

ಅದು ‘ಗೆರ್ಟ್ರುಡ್’, 1964. ಸ್ವೀಡನ್ನಿನ ಯಲ್ಮಾರ್ ಸೋಡರ್‌ಬೆರಿಯ ನಾಟಕ. ಗಂಡನನ್ನೂ, ಹಳೆಯ ಪ್ರೇಮಿಯನ್ನೂ, ಹೊಸ ಪ್ರೇಮಿಯನ್ನೂ ಬಿಟ್ಟು ಒಂಟಿಯಾಗಿ ಬಾಳುವ ಹೆಣ್ಣಿನ ಕಥೆ. 116 ನಿಮಿಷಕ್ಕೆ ತೊಂಬತ್ತಕ್ಕಿಂತ ಕಡಿಮೆ ಶಾಟ್. ಪ್ಯಾರಿಸ್‌ನ ಮೊದಲ ಪ್ರದರ್ಶನದಲ್ಲಿ ಜನ ಸಿಳ್ಳೆ ಹೊಡೆದರು, ಮೆಚ್ಚುಗೆಗಲ್ಲ. ಸೋಫಾ ಮೇಲೆ ಕೂತು ಮಾತಾಡುವವರನ್ನು ಫೋಟೋ ತೆಗೆದಿದ್ದಾರೆ ಅಂತ ಗೇಲಿ ಮಾಡಿದರು. ನಿಜ ಹೇಳಬೇಕೆಂದರೆ ನನಗೂ ಅದು ‘ಓರ್ಡೆಟ್’ನಷ್ಟು ಹತ್ತಿರವಲ್ಲ. ಆದರೆ ಅದರ ನೆನಪಿನ ದೃಶ್ಯಗಳನ್ನು ನೋಡಿ. ವರ್ತಮಾನವೆಲ್ಲ ಹದವಾದ ಬೂದು. ಹಳೆಯ ಪ್ರೀತಿಯ ನೆನಪು ಬಂದಾಗ ಬೆಂಟ್ಸನ್ ಬೆಳಕನ್ನು ಬೇಕೆಂದೇ ಮಿತಿಮೀರಿ ಬಿಡುತ್ತಾನೆ. ಗೋಡೆ, ಬಟ್ಟೆ, ಕಿಟಕಿ ಎಲ್ಲ ಬಿಳುಪಿನಲ್ಲಿ ಕರಗುವಷ್ಟು. ಆ ಕಣ್ಣು ಕುಕ್ಕುವ ಬೆಳಕಿನಲ್ಲೇ ಗೆರ್ಟ್ರುಡ್‌ಗೆ ಹಳೆಯ ಪ್ರೇಮಿಯಾದ ಕವಿಯ ಮೇಜಿನ ಮೇಲೆ ಅವನು ಗೀಚಿಟ್ಟ ಚೀಟಿ ಸಿಗುವುದು, ಹೆಣ್ಣಿನ ಪ್ರೀತಿಗೂ ಗಂಡಿನ ಕೆಲಸಕ್ಕೂ ಹಗೆ ಅಂತ. ಕೆಟ್ಟ ಸುದ್ದಿಯನ್ನು ಕತ್ತಲಲ್ಲಿ ಕೊಡುವುದು ರೂಢಿ. ಇಲ್ಲಿ ಅದು ಪೂರ್ತಿ ಬಿಸಿಲಿನಲ್ಲಿ ಬರುತ್ತದೆ. ಕೊನೆಯ ಶಾಟ್‌ನಲ್ಲಿ ಮುದುಕಿಯಾದ ಗೆರ್ಟ್ರುಡ್ ಸ್ನೇಹಿತನಿಗೆ ಕೈಬೀಸಿ ಬಾಗಿಲು ಮುಚ್ಚುತ್ತಾಳೆ. ಕ್ಯಾಮೆರಾ ಮುಚ್ಚಿದ ಬಾಗಿಲನ್ನು ನೋಡುತ್ತಾ ನಿಲ್ಲುತ್ತದೆ. ಡ್ರೈಯರ್ 1968ರಲ್ಲಿ ತೀರಿಹೋದ. ಅದೇ ಅವನ ಕೊನೆಯ ಚಿತ್ರ.

ಬೆಂಟ್ಸನ್‌ನ ಕಥೆ ಅಲ್ಲಿಗೇ ಮುಗಿಯಬೇಕಿತ್ತು. ಬಣ್ಣ ಬಂತು, ಕೈಯಲ್ಲಿ ಹಿಡಿಯುವ ಹಗುರ ಕ್ಯಾಮೆರಾ ಬಂತು, ಸೆಟ್ ಬಿಟ್ಟು ಬೀದಿಗಿಳಿದ ಹುಡುಗರು ಬಂದರು. ಅಷ್ಟರಲ್ಲಿ, ‘ಓರ್ಡೆಟ್’ ಬಿಡುಗಡೆಯಾದ ಮರುವರ್ಷ ಹುಟ್ಟಿದ ಒಬ್ಬ ತಂಟೆಕೋರ ನಿರ್ದೇಶಕ ಇವನನ್ನು ಹುಡುಕಿಕೊಂಡು ಬಂದ. ಲಾರ್ಸ್ ಫಾನ್ ಟ್ರಿಯರ್. ಡ್ರೈಯರ್ ಅಂದರೆ ಅವನಿಗೆ ಪ್ರಾಣ. ಡ್ರೈಯರ್ ಬರೆದಿಟ್ಟು ತೆಗೆಯಲಾಗದೆ ಹೋದ ‘ಮೆಡಿಯಾ’ (ಗ್ರೀಕ್ ಪುರಾಣದ ಹೆಣ್ಣಿನ ಕಥೆ) ಚಿತ್ರಕಥೆಯನ್ನು 1988ರಲ್ಲಿ ಟಿವಿಗೆ ಮಾಡಿದವನು ಅವನೇ. ಅದಕ್ಕೂ ಮೊದಲು, 1987ರಲ್ಲಿ, ಬಿಡಿಗಾಸಿನಲ್ಲಿ ಮಾಡಿದ ‘ಎಪಿಡೆಮಿಕ್’ಗೆ ಬೆಂಟ್ಸನ್ ಬೇಕಾದ. ಅದರಲ್ಲಿ ಇಬ್ಬರು ಚಿತ್ರಕಥೆ ಬರೆಯುವ ಭಾಗವನ್ನು ಟ್ರಿಯರ್ ಮತ್ತು ಅವನ ಜೊತೆಗಾರ 16 ಎಂಎಂನಲ್ಲಿ ತಾವೇ ತೆಗೆದುಕೊಂಡರು, ಕಾಳುಕಾಳಾಗಿ, ಅಡ್ಡಾದಿಡ್ಡಿಯಾಗಿ. ಅವರು ಬರೆಯುತ್ತಿರುವ ಚಿತ್ರದ ಭಾಗ ಮಾತ್ರ 35 ಎಂಎಂ, ಅದು ಬೆಂಟ್ಸನ್‌ನದು. ಒಂದರಿಂದ ಇನ್ನೊಂದಕ್ಕೆ ಹಾರಿದಾಗ ಹಳೆಯ ಗೋಣಿಚೀಲದ ಒಳಗಿನಿಂದ ರೇಷ್ಮೆ ಎಳೆದಂತಿರುತ್ತದೆ.

1991ರಲ್ಲಿ ‘ಯುರೋಪಾ’. ಯುದ್ಧ ಮುಗಿದ ಜರ್ಮನಿ, ರಾತ್ರಿ ಓಡುವ ರೈಲು. ಪೋಲೆಂಡಿನ ಭಾಗವನ್ನು ಪೋಲೆಂಡಿನವನೇ ಆದ ಎಡ್ವರ್ಡ್ ಕ್ಲೊಸಿನ್‌ಸ್ಕಿ ತೆಗೆದ. ಡೆನ್ಮಾರ್ಕಿನ ಸ್ಟುಡಿಯೋ ಕೆಲಸ ಬೆಂಟ್ಸನ್‌ನದು. ಜಾನ್-ಪಾಲ್ ಮ್ಯೂರಿಸ್ ಹೆಸರೂ ಕ್ರೆಡಿಟ್‌ನಲ್ಲಿದೆ. ಚಿತ್ರದ ಮುಖ್ಯ ತಂತ್ರ ಬ್ಯಾಕ್ ಪ್ರೊಜೆಕ್ಷನ್. ನಮ್ಮ ಹಳೆ ಸಿನಿಮಾಗಳಲ್ಲಿ ನಾಯಕ ಸ್ಟೇರಿಂಗ್ ಸುಮ್ಮನೆ ಅಲ್ಲಾಡಿಸುತ್ತಾ ಕೂತಿರುತ್ತಾನೆ, ಹಿಂದಿನ ತೆರೆ ಮೇಲೆ ರಸ್ತೆ ಓಡುತ್ತದಲ್ಲ, ಅದೇ. ಎಲ್ಲರೂ ಕೈಬಿಟ್ಟಿದ್ದ ಆ ಹಳೆ ಗಿಮಿಕ್ಕನ್ನು ಟ್ರಿಯರ್ ಪದರ ಪದರವಾಗಿ ಬಳಸಿದ. ಹಿಂದೆ ಕಪ್ಪು-ಬಿಳುಪು ಹೆಣ್ಣು, ಮುಂದೆ ಬಣ್ಣದ ಗಂಡು, ಇಬ್ಬರೂ ಮಾತಾಡುತ್ತಾರೆ. ಇದು ನಂಬುವಂತಾಗಬೇಕಾದರೆ ಹಿಂದಿನ ತೆರೆಯೊಳಗೆ ಬೆಳಕು ಬಿದ್ದ ದಿಕ್ಕು, ಅದರ ಬಿರುಸು, ಮುಂದಿರುವ ನಟನ ಮೇಲೂ ಹಾಗೇ ಇರಬೇಕು. ಜೊತೆಗೆ ಮುಂದಿನ ದೀಪದ ಒಂದು ಹನಿಯೂ ಹಿಂದಿನ ತೆರೆಗೆ ಚೆಲ್ಲಬಾರದು, ಚೆಲ್ಲಿದರೆ ಅಲ್ಲಿನ ಕಪ್ಪೆಲ್ಲ ಬೂದು ಬಣ್ಣವಾಗುತ್ತದೆ. ಸ್ಟುಡಿಯೋ ಕಾಲದಲ್ಲಿ ಪಳಗಿದ ಅರವತ್ತು ದಾಟಿದವನನ್ನು ಟ್ರಿಯರ್ ಕರೆದದ್ದು ಬರೀ ಗುರುಭಕ್ತಿಯಿಂದಲ್ಲ ಅಂತ ನನಗನ್ನಿಸುವುದು ಇದಕ್ಕೇ. ಚಿತ್ರಕ್ಕೆ ಕಾನ್ ಚಿತ್ರೋತ್ಸವದಲ್ಲಿ ಜ್ಯೂರಿ ಪ್ರಶಸ್ತಿ ಬಂತು. ಬೆಂಟ್ಸನ್ ಅದಾದ ಮೇಲೆ ಕ್ಯಾಮೆರಾ ಹಿಡಿಯಲಿಲ್ಲ.

ತಮಾಷೆ ಇರುವುದು ಮುಂದೆ. ನಾಲ್ಕೇ ವರ್ಷಕ್ಕೆ, 1995ರ ಮಾರ್ಚ್‌ನಲ್ಲಿ, ಇದೇ ಟ್ರಿಯರ್ ಗೆಳೆಯ ಥಾಮಸ್ ವಿಂಟರ್‌ಬೆರ್ ಜೊತೆ ಸೇರಿ ‘ಡಾಗ್ಮೆ 95’ ಅಂತ ಹತ್ತು ಕಟ್ಟಳೆಗಳ ಪ್ರಣಾಳಿಕೆ ಹೊರಡಿಸಿದ. ಕ್ಯಾಮೆರಾ ಕೈಯಲ್ಲೇ ಹಿಡಿಯಬೇಕು. ಸೆಟ್ ಕೂಡದು. ಚಿತ್ರ ಬಣ್ಣದಲ್ಲಿರಬೇಕು. ವಿಶೇಷ ಲೈಟಿಂಗ್ ನಿಷಿದ್ಧ. ಬೆಂಟ್ಸನ್ ನಲವತ್ತು ವರ್ಷ ಏನೇನು ಕಲಿತಿದ್ದನೋ ಅಷ್ಟಕ್ಕೂ ಸಾಲಾಗಿ ಬಹಿಷ್ಕಾರ! ಆ ಕಟ್ಟಳೆಯ ಮೊದಲ ಚಿತ್ರ ‘ಫೆಸ್ಟೆನ್’ ಅನ್ನು ಅಂಗೈಯಗಲದ ಸೋನಿ ವಿಡಿಯೋ ಕ್ಯಾಮೆರಾದಲ್ಲಿ ತೆಗೆದವನು ಆಂಟನಿ ಡಾಡ್ ಮ್ಯಾಂಟಲ್, ಇಂಗ್ಲೆಂಡಿನವನು, ಡೆನ್ಮಾರ್ಕಿನ ಸಿನಿಮಾ ಶಾಲೆಯಲ್ಲಿ ಕಲಿತವನು. ಮುಂದೆ ಮುಂಬೈ ಗಲ್ಲಿಗಳಲ್ಲಿ ಓಡಾಡಿ ‘ಸ್ಲಂಡಾಗ್ ಮಿಲಿಯನೇರ್’ ತೆಗೆದು 2009ರಲ್ಲಿ ಆಸ್ಕರ್ ತಗೊಂಡ. ಅವನದು ಬೇರೆಯೇ ದಾರಿ, ಅದಕ್ಕೆ ಇನ್ನೊಂದು ಸಂಜೆ ಬೇಕು.

(ಪ್ರಶ್ನೆಗಳಿಗೆ ಸಮಯ ಕೊಟ್ಟಾಗ ಹಿಂದೆ ಆಕಳಿಸಿದವರೇ ಮೊದಲು ಎದ್ದರು. “ಸಾರ್, ಆ ಕಾರಿನ ಲೈಟು ನಾನು ನೋಡಲೇ ಇಲ್ಲ. ನಿದ್ದೆ ಬಂದಿರಲಿಲ್ಲ, ಪಕ್ಕದವರ ಹತ್ರ ಟೈಮ್ ಕೇಳ್ತಿದ್ದೆ. ಅದೊಂದು ಸಲ ಹಾಕ್ತೀರಾ?” ಅಂದರು. ಹುಡುಕಿ ಹಾಕಿದೆವು. ಡಾಕ್ಟರು ಟೋಪಿ ಹಾಕಿಕೊಂಡು ಹೊರಟರು. ಆ ಗಳಿಗೆಗೆ ಸರಿಯಾಗಿ ಹೊರಗೆ ರಸ್ತೆಯಲ್ಲಿ ಒಂದು ಆಟೋ ತಿರುವಿಕೊಂಡು ಅದರ ಬೆಳಕು ನಮ್ಮ ಹಾಲ್‌ನ ಕಿಟಕಿಯಿಂದ ತೆರೆಯ ಮೇಲೆ ಹಾದುಹೋಯಿತು. “ಇದೇನಾ ಸಾರ್?” ಅಂದರು. “ಇದಲ್ಲ, ತಾಳಿ” ಅಂದೆ.)